ಡಯಾಲಿಸಿಸ್: ಆಸ್ಪತ್ರೆಯಲ್ಲೋ, ಮನೆಯಲ್ಲೋ?

ಮೂತ್ರಪಿಂಡಗಳು ಕೆಲಸ ನಿಲ್ಲಿಸುತ್ತಿವೆ, ಡಯಾಲಿಸಿಸ್ ಬೇಕಾಗುತ್ತದೆ ಎಂದು ವೈದ್ಯರು ತಿಳಿಸಿದಾಗ ಮನೆಮಂದಿಗೆ ಮೊದಲು ಬರುವ ಚಿಂತೆ ಹಣದ್ದು. ಯಾವ ಬಗೆಯ ಡಯಾಲಿಸಿಸ್ ನಮಗೆ ಹೊಂದುತ್ತದೆ ಎಂದು ಕುಳಿತು ಯೋಚಿಸುವ ಕುಟುಂಬಗಳು ಕಡಿಮೆ. "ನೀವು ಹೇಳಿದಂಗ ಸಾಹೇಬ್ರ" ಎಂದು ಕೈಮುಗಿದು ಬಂದುಬಿಡುತ್ತೇವೆ. ವೈದ್ಯರ ಮಾತು ಕೇಳಲೇಬೇಕು, ನಿಜ. ಆದರೆ ನಮ್ಮ ಮನೆಯ ಸ್ಥಿತಿಗತಿ ಅವರಿಗೆ ತಿಳಿಯುವುದು ನಾವು ಹೇಳಿದಾಗ ಮಾತ್ರ.

ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಎಲ್ಲರೂ ಬಲ್ಲ ರಕ್ತದ ಡಯಾಲಿಸಿಸ್. ವಾರಕ್ಕೆ ಸಾಮಾನ್ಯವಾಗಿ ಮೂರು ಸಲ, ಒಂದೊಂದು ಸಲ ಸುಮಾರು 4 ಗಂಟೆ, ಕೇಂದ್ರದಲ್ಲಿ ಮಲಗಬೇಕು. ಸೂಜಿ ಚುಚ್ಚುವುದು, ಯಂತ್ರ ನೋಡಿಕೊಳ್ಳುವುದು, ರಕ್ತದೊತ್ತಡ ಇಳಿದರೆ ಓಡಿಬರುವುದು ಎಲ್ಲವೂ ದಾದಿಯರ ಮತ್ತು ತಂತ್ರಜ್ಞರ ಹೊಣೆ. ಎರಡನೆಯದು ಹೊಟ್ಟೆಯ ಡಯಾಲಿಸಿಸ್. ಚಿಕ್ಕ ಶಸ್ತ್ರಚಿಕಿತ್ಸೆ ಮಾಡಿ ಹೊಟ್ಟೆಯೊಳಗೆ ಮೆತ್ತನೆಯ ನಳಿಕೆ ಇಡುತ್ತಾರೆ. ಅದರ ಮೂಲಕ ಸುಮಾರು 2 ಲೀಟರ್ ದ್ರವ ಒಳಗೆ ಬಿಟ್ಟು, ನಾಲ್ಕಾರು ಗಂಟೆಗಳ ನಂತರ ಹೊರತೆಗೆದು, ಹೊಸದನ್ನು ತುಂಬಬೇಕು. ಹೊಟ್ಟೆಯ ಒಳಪದರವೇ ಸೋಸುವ ಜರಡಿ. ದಿನಕ್ಕೆ ಮೂರು ನಾಲ್ಕು ಸಲ, ಪ್ರತಿಸಲ ಅರ್ಧ ಗಂಟೆಯ ಕೆಲಸ. ಇದನ್ನು ರೋಗಿಯೋ ಮನೆಯವರೋ ತರಬೇತಿ ಪಡೆದು ತಾವೇ ಮಾಡುತ್ತಾರೆ.

ಮೋಟೆಬೆನ್ನೂರಿನ ಒಂದು ಕುಟುಂಬವನ್ನು ಕಲ್ಪಿಸಿಕೊಳ್ಳಿ. ಊರು ಹೆದ್ದಾರಿಯ ಮೇಲಿದೆ. ಹಾವೇರಿಗಾಗಲಿ ರಾಣೆಬೆನ್ನೂರಿಗಾಗಲಿ ಬಸ್ಸಿಗೆ ತೊಂದರೆಯಿಲ್ಲ. ಆದರೂ ತಿಂಗಳಿಗೆ ಹನ್ನೆರಡು ಹದಿಮೂರು ಸಲ ಹೋಗಿಬರಬೇಕು, ಜೊತೆಗೊಬ್ಬರು ಬೇಕು, ಅವರ ಅಷ್ಟು ದಿನಗಳ ಕೂಲಿಯೂ ಹೋಯಿತು. ಒಳಗಿನ ಹಳ್ಳಿಯವರ ಪಾಡು ಇನ್ನೂ ಕಷ್ಟ. ಹೀಗೆ ನೋಡಿದರೆ ಹೊಟ್ಟೆಯ ಡಯಾಲಿಸಿಸ್ಸೇ ವಾಸಿ ಅನ್ನಿಸುತ್ತದೆ. ಆದರೆ ಅದಕ್ಕೊಂದು ಶುಚಿಯಾದ ಮೂಲೆ ಬೇಕು. ದ್ರವ ಬದಲಿಸುವಾಗ ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಮುಖಕ್ಕೆ ಮಾಸ್ಕ್ ಕಟ್ಟಿ, ಕೈಯನ್ನು ಸೋಪಿನಿಂದ ಚೆನ್ನಾಗಿ ತೊಳೆದಿರಬೇಕು. ಪಡಸಾಲೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ನಮ್ಮ ಕಡೆಯ ಮನೆಗಳಲ್ಲಿ ಇದು ಸಣ್ಣ ಮಾತಲ್ಲ! ದಿನಕ್ಕೆ ನಾಲ್ಕು ಚೀಲವೆಂದರೆ ತಿಂಗಳಿಗೆ 120 ಚೀಲ, ಹತ್ತಿರಹತ್ತಿರ 240 ಕಿಲೋ. ಅಷ್ಟನ್ನು ಇಡಲು ಒಣಗಿದ ಜಾಗವೂ ಇರಬೇಕು. ಸ್ವಚ್ಛತೆ ತಪ್ಪಿದರೆ ಹೊಟ್ಟೆಯೊಳಗೆ ಸೋಂಕು ತಗಲುತ್ತದೆ. ಹೊರಬಂದ ದ್ರವ ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಕಂಡರೆ, ಹೊಟ್ಟೆನೋವು ಬಂದರೆ, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಜ್ವರ ಬರಲಿ ಎಂದು ಕಾಯಬಾರದು. ಹೊಟ್ಟೆಗೆ ದೊಡ್ಡ ಶಸ್ತ್ರಚಿಕಿತ್ಸೆಗಳು ಆಗಿದ್ದರೆ, ಹರ್ನಿಯಾ ಇದ್ದರೆ ಈ ವಿಧಾನ ಹೊಂದದೇ ಹೋಗಬಹುದು.

ಹಾಗಾದರೆ ಹೊಣೆ ಬೇಡವೆನ್ನುವವರಿಗೆ ಆಸ್ಪತ್ರೆಯೇ ಸರಿಯೇ? ಇಲ್ಲೊಂದು ಲೆಕ್ಕ ಹಾಕಿ ನೋಡಿ. ವಾರದಲ್ಲಿ 168 ಗಂಟೆಗಳಿವೆ. ಅವುಗಳಲ್ಲಿ ದಾದಿಯರ ಕಣ್ಣಿನಡಿ ಕಳೆಯುವುದು 12 ಗಂಟೆ. ಉಳಿದ 156 ಗಂಟೆ ನೀರು ಎಷ್ಟು ಕುಡಿದಿರಿ, ಉಪ್ಪಿನಕಾಯಿ ಹಪ್ಪಳ ಎಷ್ಟು ತಿಂದಿರಿ, ಮಾತ್ರೆ ನುಂಗಿದಿರೋ ಇಲ್ಲವೋ ಎಂಬುದನ್ನು ನೋಡುವವರು ನೀವೇ. ಆಸ್ಪತ್ರೆಯನ್ನು ಆರಿಸಿಕೊಂಡರೂ ಸ್ವಯಂ ಆರೈಕೆ ತಪ್ಪುವುದಿಲ್ಲ.

ಸ್ವೀಡನ್ ದೇಶದ ಯೋನ್‌ಶೋಪಿಂಗ್ ನಗರದ ಆಸ್ಪತ್ರೆಯೊಂದರಲ್ಲಿ 2005ರಲ್ಲಿ ಒಬ್ಬ ರೋಗಿ ತನ್ನ ಡಯಾಲಿಸಿಸ್ ಯಂತ್ರವನ್ನು ತಾನೇ ನಡೆಸಲು ಕಲಿಸಿರೆಂದು ದಾದಿಯನ್ನು ಕೇಳಿದ. ಆಕೆ ಕಲಿಸಿದರು. ಅವನನ್ನು ನೋಡಿ ಇತರರೂ ಕಲಿತು, ಮುಂದೆ ಅಲ್ಲಿ ರೋಗಿಗಳೇ ನಡೆಸಿಕೊಳ್ಳುವ ವಿಭಾಗ ಬೆಳೆಯಿತು. ನಮ್ಮ ಕೇಂದ್ರಗಳಲ್ಲಿ ಸೂಜಿಯನ್ನು ರೋಗಿಯ ಕೈಗೆ ಕೊಡುವ ರೂಢಿಯಿಲ್ಲ, ಒತ್ತಾಯಿಸುವುದೂ ಬೇಡ. ಆದರೆ ಪ್ರತಿಸಲ ತೂಕ ನೋಡಿ ಬರೆದಿಡುವುದು, ನೀರು ತೆಗೆದ ನಂತರ ಇರಬೇಕಾದ ತೂಕವೆಷ್ಟು ಎಂದು ಕೇಳಿ ತಿಳಿಯುವುದು, ಫಿಸ್ಟುಲಾ ಮಾಡಿದ ಕೈ ಗುಯ್‌ಗುಡುತ್ತಿದೆಯೇ ಎಂದು ದಿನವೂ ಮುಟ್ಟಿನೋಡುವುದು, ಇಷ್ಟನ್ನು ಯಾರೂ ಬೇಡವೆನ್ನುವುದಿಲ್ಲ. ಗುಯ್‌ಗುಡುವುದು ನಿಂತರೆ ಕೂಡಲೇ ಆಸ್ಪತ್ರೆಗೆ ತಿಳಿಸಬೇಕು.

ಹಬ್ಬಹರಿದಿನಗಳಲ್ಲಿ ವಿಶೇಷ ಎಚ್ಚರ ಬೇಕು. ಕ್ರಿಸ್ತಜಯಂತಿಯ ಊಟಕ್ಕಿಂತಲೂ ತಪಸ್ಸುಕಾಲ ನನಗೆ ಹೆಚ್ಚು ಭಯ ಹುಟ್ಟಿಸುತ್ತದೆ. ಉಪವಾಸವೆಂದು ಊಟ ಬಿಟ್ಟು ಎಳನೀರು, ಬಾಳೆಹಣ್ಣು ತೆಗೆದುಕೊಳ್ಳುವವರಿದ್ದಾರೆ. ರಕ್ತದ ಡಯಾಲಿಸಿಸ್‌ನಲ್ಲಿರುವವರಿಗೆ ಅವುಗಳಲ್ಲಿರುವ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಲ್ಲದು. ಧರ್ಮಸಭೆಯ ಉಪವಾಸದ ಕಟ್ಟಳೆ ರೋಗಿಗಳನ್ನು ಬಂಧಿಸುವುದಿಲ್ಲ. ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುವವರಿಂದಂತೂ ದಿನವೂ ಪ್ರೋಟೀನ್ ಸೋರಿಹೋಗುತ್ತದೆ. ವೈದ್ಯರು ಹೇಳಿದಷ್ಟು ಮೊಟ್ಟೆ, ಬೇಳೆ ಅವರು ತಿನ್ನಲೇಬೇಕು.

ಖರ್ಚಿನ ವಿಷಯ. ಕೇಂದ್ರ ಸರ್ಕಾರ 2016ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಬಡತನ ರೇಖೆಗಿಂತ ಕೆಳಗಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ರಕ್ತದ ಡಯಾಲಿಸಿಸ್ ಉಚಿತ. ಹೊಟ್ಟೆಯ ಡಯಾಲಿಸಿಸ್‌ಗೂ 2019ರಲ್ಲಿ ಮಾರ್ಗಸೂಚಿ ಬಂತು. ಆದರೆ ನಳಿಕೆ ಹಾಕಿಸಿಕೊಳ್ಳುವ ಮೊದಲೇ ಚೀಲಗಳನ್ನು ಯಾರು ಕೊಡುತ್ತಾರೆ, ಎಲ್ಲಿಗೆ ತಲುಪಿಸುತ್ತಾರೆ, ಮಳೆಗಾಲದಲ್ಲಿ ತಡವಾದರೆ ಏನು ಗತಿ ಎಂದು ಕೇಳಿಕೊಳ್ಳಿ. ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ.

ಒಮ್ಮೆ ಆರಿಸಿದ್ದು ಶಾಶ್ವತವೂ ಅಲ್ಲ. ಒಂದು ವಿಧಾನದಿಂದ ಇನ್ನೊಂದಕ್ಕೆ ಬದಲಾಗಬಹುದು. ಆದ್ದರಿಂದ ಇನ್ನೂ ತೀರ್ಮಾನಿಸದವರೂ ಒಂದು ಕೈಯನ್ನು, ಬಲಗೈ ಬಳಸುವವರಾದರೆ ಎಡಗೈಯನ್ನು, ಕಾಪಾಡಿಕೊಳ್ಳಿ. ಫಿಸ್ಟುಲಾ ಮಾಡಿದ ಮೇಲೆ ಅದು ಬಲಿಯಲು ವಾರಗಳೇ ಬೇಕು, ರಕ್ತನಾಳ ಕೆಟ್ಟಿದ್ದರೆ ಬಲಿಯುವುದೇ ಇಲ್ಲ. ರಕ್ತಪರೀಕ್ಷೆಗೆ, ಸಲೈನ್‌ಗೆ ಆ ಕೈ ಕೇಳಿದರೆ "ಇದು ಬ್ಯಾಡ್ರಿ, ಆ ಕೈಗೆ ಹಾಕ್ರಿ" ಎಂದು ಈಗಿನಿಂದಲೇ ಹೇಳಿ.