ನಾಟಿಯ ಸರದಿ: ಬಾಲಿಯ ಗದ್ದೆಗಳು ಕಂಪ್ಯೂಟರಿನೊಳಗೆ

ಇಂಡೊನೇಷ್ಯಾದ ಬಾಲಿ ದ್ವೀಪದಲ್ಲಿ ಭತ್ತದ ನಾಟಿ ಯಾವಾಗ ಎಂಬುದು ಒಬ್ಬ ರೈತನ ತೀರ್ಮಾನವಲ್ಲ. ಒಂದೇ ಕಾಲುವೆಯ ನೀರು ಹಂಚಿಕೊಳ್ಳುವ ರೈತರ ಸಂಘಕ್ಕೆ ಅಲ್ಲಿ ‘ಸುಬಾಕ್’ ಎನ್ನುತ್ತಾರೆ. ಅಕ್ಕಪಕ್ಕದ ಸುಬಾಕ್‌ಗಳು ಜಲದೇವಾಲಯದಲ್ಲಿ ಸಭೆ ಸೇರಿ ನಾಟಿಯ ಸರದಿ ಗೊತ್ತುಮಾಡುತ್ತವೆ. 1970ರ ದಶಕದಲ್ಲಿ ಹಸಿರು ಕ್ರಾಂತಿ ಬಂದಾಗ, ಸರದಿ ಬಿಡಿ, ಹೊಸ ತಳಿಗಳನ್ನು ಸಾಧ್ಯವಾದಷ್ಟು ಸಲ ಬೆಳೆಯಿರಿ ಎಂಬ ಒತ್ತಾಯ ಬಂತು. ನೀರಿನ ಹಂಚಿಕೆ ಗೋಜಲಾಯಿತು, ನಮ್ಮ ಭತ್ತದ ರೈತರಿಗೂ ಚೆನ್ನಾಗಿ ಗೊತ್ತಿರುವ ಕಂದು ಜಿಗಿಹುಳು ಮುಗಿಬಿದ್ದಿತು.

ಹಾಗಾದರೆ ಹಳೆಯ ಸರದಿಯಲ್ಲಿ ನಿಜಕ್ಕೂ ಹುರುಳಿತ್ತೇ? ಇಡೀ ಕಣಿವೆಯಲ್ಲಿ ಪ್ರಯೋಗ ಮಾಡಿ ನೋಡುವಂತಿಲ್ಲ. ತಪ್ಪಿದರೆ ಊರಿನ ಅನ್ನವೇ ಹೋಗುತ್ತದೆ. ಅದಕ್ಕಾಗಿ ಮಾನವಶಾಸ್ತ್ರಜ್ಞ ಸ್ಟೀಫನ್ ಲ್ಯಾನ್ಸಿಂಗ್ ಮತ್ತು ಪರಿಸರ ವಿಜ್ಞಾನಿ ಜೇಮ್ಸ್ ಕ್ರೆಮರ್ ಓಸ್ ಮತ್ತು ಪೆಟನು ನದಿಗಳ 172 ಸುಬಾಕ್‌ಗಳ ಕಂಪ್ಯೂಟರ್ ಮಾದರಿ ಕಟ್ಟಿದರು. ಅವರ ಅಧ್ಯಯನ 1993ರಲ್ಲಿ ಪ್ರಕಟವಾಯಿತು.

ಮಾದರಿ ನಡೆಯುವ ಬಗೆ ಸರಳ. ಮಳೆ ಎಷ್ಟು, ಹೊಳೆಯಲ್ಲಿ ನೀರೆಷ್ಟು, ಮೇಲಿನವರು ಬಳಸಿ ಕೆಳಗಿನವರಿಗೆ ಉಳಿದದ್ದೆಷ್ಟು, ಹುಳು ಪಕ್ಕದ ಗದ್ದೆಗೆ ಎಷ್ಟು ಹರಡಿತು ಎಂದು ಅದು ತಿಂಗಳು ತಿಂಗಳೂ ಲೆಕ್ಕ ಹಾಕುತ್ತದೆ. ಕೊನೆಗೆ ಇಳುವರಿ ತಿಳಿಯುತ್ತದೆ.

ಒಬ್ಬೊಬ್ಬರು ಒಂದೊಂದು ಸಮಯಕ್ಕೆ ನಾಟಿ ಮಾಡಿದರೆ ನೀರಿನ ಬೇಡಿಕೆ ಹಂಚಿಹೋಗುತ್ತದೆ. ಆದರೆ ಯಾವಾಗಲೂ ಎಲ್ಲೋ ಒಂದು ಕಡೆ ಪೈರು ಇರುವುದರಿಂದ ಹುಳುವಿಗೆ ಹಬ್ಬ. ಎಲ್ಲರೂ ಒಟ್ಟಿಗೆ ಮಾಡಿದರೆ ಕೊಯ್ಲಿನ ನಂತರ ಗದ್ದೆಗಳೆಲ್ಲ ಖಾಲಿಯಾಗಿ ಹುಳು ಮೇವಿಲ್ಲದೆ ಸಾಯುತ್ತದೆ. ಆದರೆ ಆಗ ಎಲ್ಲರಿಗೂ ಒಂದೇ ಸಲಕ್ಕೆ ನೀರು ಬೇಕು. ಇವೆರಡರ ನಡುವೆ, ಗುಂಪು ಗುಂಪಾಗಿ ಸರದಿ ಹಾಕಿಕೊಂಡಾಗ ಇಳುವರಿ ಹೆಚ್ಚಿತು. ಜಲದೇವಾಲಯಗಳು ಮಾಡುತ್ತಿದ್ದುದೂ ಅದನ್ನೇ.

ಮುಂದಿನ ಪರೀಕ್ಷೆ ಇನ್ನೂ ಸೊಗಸಾದದ್ದು. ಸುಬಾಕ್‌ಗಳಿಗೆ ಮನಬಂದ ಬೆಳೆ ವೇಳಾಪಟ್ಟಿ ಕೊಟ್ಟು, ಒಂದೇ ನಿಯಮ ಹಾಕಿದರು: ವರ್ಷದ ಕೊನೆಗೆ ನೆರೆಯವರ ಫಸಲು ನೋಡು, ನಿನಗಿಂತ ಚೆನ್ನಾಗಿ ಬಂದಿದ್ದರೆ ಅವರಂತೆ ಮಾಡು. ಮೇಲಿನಿಂದ ಯಾರ ಅಪ್ಪಣೆಯೂ ಇಲ್ಲದೆ, ಕೆಲವು ವರ್ಷಗಳ ಲೆಕ್ಕ ಮುಗಿಯುವಷ್ಟರಲ್ಲಿ ದೇವಾಲಯಗಳ ಜಾಲವನ್ನು ಹೋಲುವ ಗುಂಪುಗಳು ತಾವಾಗಿಯೇ ಮೂಡಿದವು. ನೀರು ಮೊದಲು ಸಿಗುವ ಮೇಲ್ಭಾಗದವರು ಕೆಳಗಿನವರ ಮಾತು ಕೇಳುವುದೇಕೆ ಎಂಬುದಕ್ಕೂ ಉತ್ತರ ಇಲ್ಲಿದೆ: ಅವರಿಗೆ ನೀರಿನ ಚಿಂತೆಯಿಲ್ಲ, ಹುಳುವಿನ ಭಯವಿದೆ.

ಇಂಥ ಮಾದರಿ ಭವಿಷ್ಯ ಹೇಳುವುದಿಲ್ಲ. ‘ಹೀಗೆ ಮಾಡಿದ್ದರೆ ಏನಾಗುತ್ತಿತ್ತು’ ಎಂದು ತೋರಿಸುತ್ತದೆ, ಅದೂ ನಾವು ತುಂಬಿದ ನಿಯಮಗಳ ಮಟ್ಟಿಗೆ. ಭತ್ತದ ಬೆಲೆ ಕುಸಿತ, ಸಾಲ, ಹೋಟೆಲಿಗೆ ಮಾರಿಹೋದ ಗದ್ದೆ ಇವನ್ನು ಸೇರಿಸದಿದ್ದರೆ ಅವುಗಳ ಬಗ್ಗೆ ಅದು ಮೂಕ. ಆದ್ದರಿಂದ ಯಾವುದೇ ಮಾದರಿಯ ಫಲಿತಾಂಶ ಕೈಗೆ ಬಂದಾಗ ಮೊದಲು ಕೇಳಬೇಕಾದ್ದು ಎರಡು: ಇದರಲ್ಲಿ ಏನನ್ನು ಬಿಟ್ಟಿದ್ದಾರೆ? ಗದ್ದೆಯಲ್ಲಿ ಅಳೆದ ಲೆಕ್ಕಕ್ಕೆ ಇದು ತಾಳೆಯಾಗುತ್ತದೆಯೇ?