ಅನ್ನದ ಬ್ಯಾಂಕ್ ಕಟ್ಟಿದವರು ಕುರ್ಚಿ ಬಿಟ್ಟಾಗ

ಬೀಳ್ಕೊಡುಗೆ ಸಮಾರಂಭ ಅಂದ್ರೆ ನಮ್ಮಲ್ಲಿ ಶಾಲು, ಹಾರ, ಹಣ್ಣಿನ ಬುಟ್ಟಿ. ಜೊತೆಗೆ ‘ಇವರಿಲ್ಲದೆ ಈ ಸಂಸ್ಥೆಯನ್ನು ಊಹಿಸಿಕೊಳ್ಳಲೂ ಆಗದು’ ಎಂಬ ಮಾತು ಇರಲೇಬೇಕು. ನಾನೂ ಆ ಮಾತಿಗೆ ಎಷ್ಟೋ ಸಲ ಚಪ್ಪಾಳೆ ತಟ್ಟಿದ್ದೇನೆ. ಆದರೆ ಹಸಿದವರಿಗೆ ಊಟ ತಲುಪಿಸುವ ಸಂಸ್ಥೆಯ ಮಟ್ಟಿಗೆ ಅದು ಹೊಗಳಿಕೆಯೋ, ಆತಂಕವೋ? ಮುಖ್ಯಸ್ಥರು ಹೊರಟರು ಅಂತ ಹಸಿವೇನೂ ರಜೆ ಹಾಕುವುದಿಲ್ಲವಲ್ಲ!

ಹೀಗೆ ಯೋಚಿಸುವಾಗೆಲ್ಲ ನನಗೆ ನೆನಪಾಗುವವರು ಅಮೆರಿಕದ ಜಾನ್ ವ್ಯಾನ್ ಹೆಂಗಲ್. ಜಗತ್ತಿನ ಮೊದಲ ಫುಡ್ ಬ್ಯಾಂಕ್ ಕಟ್ಟಿದವರು. ಅದು ಚೆನ್ನಾಗಿ ನಡೆಯುತ್ತಿರುವಾಗಲೇ ಎದ್ದು ಹೊಸ ಜವಾಬ್ದಾರಿಗೆ ಹೊರಟವರು.

1960ರ ದಶಕದಲ್ಲಿ ಅವರು ಅರಿಜೋನಾದ ಫೀನಿಕ್ಸ್ ನಗರದಲ್ಲಿ ಬಡವರ ಊಟದ ಮನೆಯೊಂದರಲ್ಲಿ ಸ್ವಯಂಸೇವಕರಾಗಿದ್ದರು. ಮರದಲ್ಲೇ ಉಳಿದುಹೋದ ಕಿತ್ತಳೆಯಂಥ ಹಣ್ಣುಗಳನ್ನು ಕೀಳಿಸಿ ತರುತ್ತಿದ್ದರು. ಕೊಯ್ಲಾದ ಹೊಲದಲ್ಲಿ ತೆನೆ ಆಯುವುದಕ್ಕೆ ನಮ್ಮ ಹಳ್ಳಿಗಳಲ್ಲಿ ಹಕ್ಕಲು ಆರಿಸೋದು ಅಂತಾರಲ್ಲ, ಹಾಗೆ. ಆಗ ಹತ್ತು ಮಕ್ಕಳ ತಾಯಿಯೊಬ್ಬಳ ಪರಿಚಯವಾಯಿತು. ಅಂಗಡಿಗಳು ಹೊರಗೆಸೆದ ಆಹಾರದಲ್ಲೇ ಅವಳು ಮಕ್ಕಳನ್ನು ಸಾಕುತ್ತಿದ್ದಳು. ದುಡ್ಡಿಗೆ ಬ್ಯಾಂಕ್ ಇರುವಂತೆ ಆಹಾರಕ್ಕೂ ಒಂದು ಇರಬೇಕಿತ್ತು ಎಂದವಳು ಅವಳೇ.

ಆ ಮಾತು ಅವರ ಮನಸ್ಸಿಗೆ ನಾಟಿತು. 1967ರಲ್ಲಿ ಸೇಂಟ್ ಮೇರಿಸ್ ಚರ್ಚ್ ಒಂದು ಪಾಳುಬಿದ್ದ ಬೇಕರಿ ಕಟ್ಟಡವನ್ನೂ 3,000 ಡಾಲರ್‌ಗಳನ್ನೂ ಕೊಟ್ಟಿತು. ಡಬ್ಬ ನೆಗ್ಗಿದ್ದಕ್ಕೆ, ಲೇಬಲ್ ತಪ್ಪಿದ್ದಕ್ಕೆ ಮಾರಾಟವಾಗದ, ಆದರೆ ತಿನ್ನಲು ಯೋಗ್ಯವಾದ ಆಹಾರವನ್ನು ಅಂಗಡಿಗಳು ಇಲ್ಲಿ ‘ಜಮೆ’ ಮಾಡಬಹುದು; ಊಟ ಹಾಕುವ ಸಂಸ್ಥೆಗಳು ಬೇಕಾದಷ್ಟು ‘ಡ್ರಾ’ ಮಾಡಿಕೊಳ್ಳಬಹುದು. ಮೊದಲ ವರ್ಷವೇ 36 ಸಂಸ್ಥೆಗಳಿಗೆ 2,75,000 ಪೌಂಡ್, ಅಂದರೆ ಸುಮಾರು 125 ಟನ್ ಆಹಾರ ಹೋಯಿತು.

ಬೇರೆಯವರಾಗಿದ್ದರೆ ಅಲ್ಲೇ ಕೂತು ಸನ್ಮಾನ ಮಾಡಿಸಿಕೊಳ್ಳುತ್ತಿದ್ದರೇನೋ. ಅಷ್ಟರಲ್ಲಿ ಬೇರೆ ಊರುಗಳಲ್ಲೂ ಇಂಥ ಬ್ಯಾಂಕ್ ಶುರುಮಾಡಲು ಸರ್ಕಾರದ ನೆರವು ಬಂತು. 1976ರಲ್ಲಿ ವ್ಯಾನ್ ಹೆಂಗಲ್ ತಾವೇ ಕಟ್ಟಿದ್ದನ್ನು ಇತರರ ಕೈಗಿಟ್ಟು ಆ ಕೆಲಸಕ್ಕೆ ಹೊರಟರು. ಮರುವರ್ಷದ ಹೊತ್ತಿಗೆ 18 ನಗರಗಳಲ್ಲಿ ಫುಡ್ ಬ್ಯಾಂಕ್‌ಗಳಿದ್ದವು. ಅವುಗಳ ಒಕ್ಕೂಟಕ್ಕೆ ಬಿದ್ದ ಹೆಸರು ‘ಸೆಕೆಂಡ್ ಹಾರ್ವೆಸ್ಟ್’, ಅಂದರೆ ಎರಡನೇ ಕೊಯ್ಲು. ಇಂದಿನ ‘ಫೀಡಿಂಗ್ ಅಮೆರಿಕ’ ಅದೇ. 1980ರ ದಶಕದಲ್ಲಿ ಆ ಕುರ್ಚಿಯನ್ನೂ ಬಿಟ್ಟು ಬೇರೆ ದೇಶಗಳವರಿಗೆ ದಾರಿ ತೋರಿಸಲು ನಿಂತರು. 2005ರಲ್ಲಿ ತೀರಿಕೊಂಡರು. ಫೀನಿಕ್ಸ್‌ನ ಸೇಂಟ್ ಮೇರಿಸ್ ಫುಡ್ ಬ್ಯಾಂಕ್ ಇವತ್ತಿಗೂ ನಡೆಯುತ್ತಿದೆ. ನನ್ನ ಪ್ರಕಾರ ಅವರಿಗೆ ಸಂದ ದೊಡ್ಡ ಸನ್ಮಾನ ಅದೇ.

ಈಗ ನಮ್ಮ ಊರುಗಳಿಗೆ ಬನ್ನಿ. ಮದುವೆ ಛತ್ರದಲ್ಲಿ ಉಳಿದ ಅನ್ನ, ಸಾಂಬಾರು, ಪಲ್ಯವನ್ನು ಹೊತ್ತು ಮೀರುವ ಮೊದಲೇ ಹಸಿದವರಿಗೆ ಮುಟ್ಟಿಸುವ ಪುಣ್ಯಾತ್ಮರು ಎಷ್ಟೋ ಕಡೆ ಇದ್ದಾರೆ. ಆದರೆ ಎಲ್ಲವೂ ಒಬ್ಬರ ಮೊಬೈಲ್ ನಂಬರ್ ಮೇಲೆ ನಿಂತಿರುತ್ತೆ. ಅವರಿಗೆ ಜ್ವರ ಬಂದರೆ, ವರ್ಗವಾದರೆ, ಫೋನ್ ಸ್ವಿಚ್ ಆಫ್ ಆದರೆ ಅಂದಿನ ಊಟ ನೇರ ತೊಟ್ಟಿಗೆ. ಯಾವ ಅಡುಗೆಯವರು ಮೊದಲೇ ಫೋನ್ ಮಾಡ್ತಾರೆ, ಯಾವ ಹಾಸ್ಟೆಲ್‌ನಲ್ಲಿ ರಾತ್ರಿ ಎಷ್ಟು ಗಂಟೆಗೆ ಬಾಗಿಲು ಹಾಕ್ತಾರೆ, ಪಾತ್ರೆ ವಾಪಸ್ ತರೋರು ಯಾರು, ಇದೆಲ್ಲ ಅವರ ತಲೆಯಲ್ಲಿ ಮಾತ್ರ ಇರುತ್ತೆ.

ಅಂಥವರೊಬ್ಬರು ನಿಮ್ಮ ಊರಿನಿಂದ ಹೊಸ ಹುದ್ದೆಗೆ ಹೊರಟಿದ್ದರೆ ಶಾಲು ಖಂಡಿತ ಹೊದಿಸಿ. ಅಷ್ಟು ವರ್ಷದ ದುಡಿಮೆಗೆ ಅದು ಸಲ್ಲಬೇಕು. ಆದರೆ ಸಮಾರಂಭಕ್ಕೆ ತಿಂಗಳು ಮೊದಲೇ ಇಬ್ಬರು ಕಿರಿಯರನ್ನು ಅವರ ಜೊತೆ ಓಡಾಡಲು ಬಿಡಿ. ತಲೆಯಲ್ಲಿರುವುದನ್ನೆಲ್ಲ ಒಂದು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ. ವೇದಿಕೆಯ ಮೇಲೆ ಅವರ ಪಕ್ಕದಲ್ಲೇ ಮುಂದೆ ನಡೆಸುವವರನ್ನೂ ಕೂರಿಸಿ, ಹೊಸ ಫೋನ್ ನಂಬರ್ ಎಲ್ಲರಿಗೂ ಓದಿ ಹೇಳಿ. ಆಗ ಹೊರಡುವವರೂ ನೆಮ್ಮದಿಯಾಗಿ ಹೊರಡುತ್ತಾರೆ, ಅಲ್ವಾ?