ಹಂಡೆಯಿಂದ ಹಾಟ್ ಟಬ್‌ವರೆಗೆ: ಬಚ್ಚಲಿಗೆ ವಿದ್ಯುತ್ತು ಬರುವ ದಾರಿ

ಕಾಸರಗೋಡು ಸೀಮೆಯ ಹಳೆಯ ಮನೆಗಳಲ್ಲಿ ಬಚ್ಚಲುಕೊಟ್ಟಿಗೆ ಮನೆಯಿಂದ ತುಸು ದೂರದಲ್ಲಿರುತ್ತಿತ್ತು. ತಾಮ್ರದ ಹಂಡೆ, ಅದರಡಿಯಲ್ಲಿ ತೆಂಗಿನ ಮಡಲು, ಅಡಕೆಯ ಸಿಪ್ಪೆ, ಸಂಜೆಯಾದರೆ ಹೊಗೆ. ಅಲ್ಲಿದ್ದ ಅಪಾಯಗಳೆಲ್ಲ ಕಣ್ಣಿಗೆ ಕಾಣುವಂಥವು. ಮಕ್ಕಳು ಕೂಡ ಬೆಂಕಿಯಿಂದ ದೂರ ನಿಲ್ಲುವುದನ್ನು ತಾವಾಗಿಯೇ ಕಲಿಯುತ್ತಿದ್ದರು. ಈಗ ಹಂಡೆಯ ಸ್ಥಾನಕ್ಕೆ ಗೀಸರ್ ಬಂದಿದೆ. ಕೆಲವು ಹೊಸ ಮನೆಗಳಲ್ಲಿ, ಹೋಮ್‌ಸ್ಟೇಗಳಲ್ಲಿ ಅದೂ ಸಾಲದೆ ಹಾಟ್ ಟಬ್ಬು ಬಂದಿದೆ. ಜನ ಅದನ್ನು 'ಜಕೂಜಿ' ಎನ್ನುತ್ತಾರೆ. ಅದು ವಸ್ತುವಿನ ಹೆಸರಲ್ಲ, ಇಟಲಿಯಿಂದ ಅಮೆರಿಕಕ್ಕೆ ವಲಸೆ ಹೋದ ಒಂದು ಕುಟುಂಬದ ಮನೆತನದ ಹೆಸರು. ನಾಮಪದಗಳ ಅರ್ಥವಿಸ್ತಾರಕ್ಕೆ ಉದಾಹರಣೆ ಹುಡುಕುವವರು ಗಮನಿಸಬಹುದು.

ಕನ್ನಡ ವಿಭಾಗದ ವಾರ್ತಾಪತ್ರದಲ್ಲಿ ವಯರಿಂಗ್ ಏಕೆ ಎಂದು ನೀವು ಕೇಳಬಹುದು. ನಿಮ್ಮಲ್ಲಿ ಹಲವರ ಮನೆಗಳಲ್ಲಿ ಗುತ್ತಿಗೆದಾರನ ಅಂದಾಜುಪಟ್ಟಿ ಮಲೆಯಾಳದಲ್ಲೋ ಇಂಗ್ಲಿಷಿನಲ್ಲೋ ಬರುತ್ತದೆ. ಅದನ್ನು ಓದಿ ಹಿರಿಯರಿಗೆ ತಿಳಿಸುವ ಕೆಲಸ ನಿಮ್ಮದೇ. ಪಟ್ಟಿಯ ಮೊತ್ತವನ್ನು ಕಡಿಮೆ ಮಾಡಬೇಕೆಂದಾಗ ಮೊದಲು ಅಳಿಸಿಹೋಗುವುದು ಕಣ್ಣಿಗೆ ಕಾಣದ ಭಾಗಗಳು. ಗೋಡೆಗೆ ಗಾರೆ ಬಿದ್ದ ಮೇಲೆ ಅವನ್ನು ಸೇರಿಸುವುದು ಬಹಳ ಕಷ್ಟ.

ಮೊದಲು ಲೆಕ್ಕ. ನಮ್ಮ ಮನೆಗಳಿಗೆ ಬರುವುದು 230 ವೋಲ್ಟ್. ಟಬ್ಬಿನ ಹೀಟರ್ 3000 ವ್ಯಾಟ್, ಪಂಪು 1500 ವ್ಯಾಟ್ ಎಂದಿಟ್ಟುಕೊಳ್ಳಿ. ಒಟ್ಟು 4500ನ್ನು 230ರಿಂದ ಭಾಗಿಸಿದರೆ ಸುಮಾರು 20 ಆಂಪಿಯರ್. ಇದು 16 ಆಂಪಿಯರಿನ ಸಾಕೆಟ್ಟಿನ ಶಕ್ತಿಗೆ ಮೀರಿದ್ದು. ಆದ್ದರಿಂದ ಮುಖ್ಯಫಲಕದಿಂದಲೇ ಟಬ್ಬಿಗೆಂದು ಪ್ರತ್ಯೇಕ ಮಾರ್ಗ ಬೇಕು. ಅದರಲ್ಲಿ ಬೇರೊಂದು ದೀಪವನ್ನೂ ಸೇರಿಸಬಾರದು. 25 ಆಂಪಿಯರಿನ ಎಂಸಿಬಿ, 6 ಚದರ ಮಿಲಿಮೀಟರಿನ ತಾಮ್ರದ ತಂತಿ ಎಂದರೆ ನೆಮ್ಮದಿ. ಫಲಕದಿಂದ 30 ಮೀಟರ್ ದೂರ ಹೋದರೂ ದಾರಿಯಲ್ಲಿ ಕಳೆದುಹೋಗುವುದು ಸುಮಾರು 4 ವೋಲ್ಟ್ ಮಾತ್ರ. ಇಷ್ಟನ್ನು ಯಾವ ವಯರ್‌ಮ್ಯಾನನೂ ಹೇಳಿಯಾನು.

ಆದರೆ ಎಂಸಿಬಿ ಇದ್ದಮೇಲೆ ಜೀವಕ್ಕೆ ಭಯವಿಲ್ಲ ಎಂಬ ನಂಬಿಕೆ ಎಲ್ಲೆಡೆ ಇದೆ. ನಿಜವಾದ ತಪ್ಪು ಇರುವುದು ಇಲ್ಲೇ. ಎಂಸಿಬಿ ಕಾಯುವುದು ತಂತಿಯನ್ನು, ಮನುಷ್ಯನನ್ನಲ್ಲ. ನಮ್ಮ ನೆಲ ಮುರಕಲ್ಲಿನದು. ಮಳೆಗಾಲದಲ್ಲಿ ನೀರು ಕುಡಿದು ತಂಪಾಗಿರುವ ಈ ನೆಲ ಏಪ್ರಿಲ್ ಹೊತ್ತಿಗೆ ಒಣಗಿ ವಿದ್ಯುತ್ತಿಗೆ ಬಹಳ ತಡೆಯೊಡ್ಡುತ್ತದೆ. ಅಂಗಳದಲ್ಲಿ ಹೂಳಿದ ಅರ್ತಿನ ಕೊಳವೆಯ ಮೂಲಕ ಹೋಗುವ ದಾರಿಯ ಒಟ್ಟು ರೋಧ 10 ಓಮ್ ಎಂದೇ ಇಟ್ಟುಕೊಳ್ಳೋಣ. ಬೇಸಗೆಯಲ್ಲಿ ಅದು ಇನ್ನೂ ಹೆಚ್ಚಿರಬಹುದು. ಹೀಟರಿನ ಹೊದಿಕೆ ಬಿರಿದು ಫೇಸು ಲೋಹದ ಮೈಗೆ ತಾಗಿತೆನ್ನಿ. ಭೂಮಿಗೆ ಹರಿಯುವ ಪ್ರವಾಹ 230ನ್ನು 10ರಿಂದ ಭಾಗಿಸಿದಷ್ಟು, ಅಂದರೆ 23 ಆಂಪಿಯರ್. ಎಂಸಿಬಿಯ ಮಿತಿ 25. ಅದರ ದೃಷ್ಟಿಯಲ್ಲಿ ಎಲ್ಲವೂ ಸರಿಯಾಗಿಯೇ ಇದೆ! ಅದು ಬೀಳುವುದಿಲ್ಲ, ಲೋಹದ ಮೈಯಲ್ಲಿ ಮಾರಕ ವಿಭವ ಹಾಗೆಯೇ ನಿಂತಿರುತ್ತದೆ. ಒದ್ದೆಯಾದ ದೇಹದ ರೋಧ ಸುಮಾರು 1000 ಓಮಿಗೆ ಇಳಿಯುತ್ತದೆ. 230 ವೋಲ್ಟ್ ಪೂರ್ತಿ ತಗಲಿದರೆ 230 ಮಿಲಿಆಂಪಿಯರ್. ಹೃದಯದ ಲಯ ತಪ್ಪಿಸಲು ಅದರ ಮೂರನೆಯ ಒಂದು ಪಾಲೂ ಸಾಕು.

ಆದುದರಿಂದಲೇ ಆರ್‌ಸಿಸಿಬಿ. ಇದನ್ನು 'ಶೇಷಪ್ರವಾಹ ವಿಚ್ಛೇದಕ' ಎಂದು ಕನ್ನಡಿಸಬಹುದು, ಅಂಗಡಿಯಲ್ಲಿ ಹಾಗೆ ಕೇಳಿದರೆ ಮಾತ್ರ ಏನೂ ಸಿಗದು. ಅದರ ಕೆಲಸ ಜಿಪುಣ ಲೆಕ್ಕಿಗನದು: ಫೇಸಿನಲ್ಲಿ ಹೋದಷ್ಟೂ ನ್ಯೂಟ್ರಲಿನಲ್ಲಿ ಮರಳಿತೇ ಎಂದು ನೋಡುತ್ತಲೇ ಇರುವುದು. 30 ಮಿಲಿಆಂಪಿಯರ್ ಲೆಕ್ಕಕ್ಕೆ ಸಿಗದಿದ್ದರೆ ಸೆಕೆಂಡಿನ ಹತ್ತರಲ್ಲಿ ಮೂರು ಭಾಗದೊಳಗೆ ದಾರಿಯನ್ನೇ ಕಡಿದುಬಿಡುತ್ತದೆ. ನೆಲದ ರೋಧ ಹತ್ತಿರಲಿ ನೂರಿರಲಿ, ಅಷ್ಟು ಸೋರಿಕೆಯನ್ನು ಅದು ಗುರುತಿಸಬಲ್ಲದು. ಟಬ್ಬುಗಳು ಮನೆಮನೆಗೂ ಬಂದಿರುವ ಅಮೆರಿಕದಲ್ಲಿ ಈ ಮಿತಿಯನ್ನು 4ರಿಂದ 6 ಮಿಲಿಆಂಪಿಯರಿಗೇ ಇಳಿಸಿದ್ದಾರೆ.

ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಮಳೆಗಾಲದುದ್ದಕ್ಕೂ ಈ ಸಾಧನ 'ಸುಮ್ಮನೆ' ಬೀಳುತ್ತಿತ್ತು. ಬೇಸತ್ತು ಯಾರನ್ನೋ ಕರೆಸಿ, ಅದನ್ನು ಬಿಟ್ಟು ತಂತಿಯನ್ನು ನೇರ ಜೋಡಿಸಿಕೊಂಡರು. ಕೆಲವು ದಿನಗಳಲ್ಲಿ ಬಚ್ಚಲ ನಲ್ಲಿ ಮುಟ್ಟಿದರೆ ಬೆರಳು ಜುಮ್ಮೆನ್ನತೊಡಗಿತು. ಬಿಚ್ಚಿ ನೋಡಿದಾಗ ಗೀಸರಿನ ಎಲಿಮೆಂಟ್ ಬಿರುಕು ಬಿಟ್ಟಿತ್ತು. ಅಷ್ಟು ದಿನವೂ ಸಾಧನ ಸತ್ಯವನ್ನೇ ಹೇಳುತ್ತಿತ್ತು. ಪದೇ ಪದೇ ಬೀಳುವ ಆರ್‌ಸಿಸಿಬಿಯನ್ನು ಕಂಡರೆ ಸೋರಿಕೆಯನ್ನು ಹುಡುಕಿಸಬೇಕು. ಅದಕ್ಕೂ ಒಂದು ಮಿತಿಯಿದೆ: ಒಬ್ಬನೇ ಮನುಷ್ಯ ಒಂದು ಕೈಯಲ್ಲಿ ಫೇಸನ್ನು, ಇನ್ನೊಂದರಲ್ಲಿ ನ್ಯೂಟ್ರಲನ್ನು ಹಿಡಿದರೆ ಲೆಕ್ಕ ಸರಿಹೋಗುತ್ತದೆ, ಅದು ಸುಮ್ಮನಿರುತ್ತದೆ. ಹಾಗಾಗಿ ದೂರವೂ ಬೇಕು.

ಅಂತಾರಾಷ್ಟ್ರೀಯ ಮಾನದಂಡವು ಸ್ನಾನದ ತೊಟ್ಟಿಯ ಸುತ್ತ ವಲಯಗಳನ್ನು ಎಳೆಯುತ್ತದೆ. ತೊಟ್ಟಿಯ ಒಳಗೆ 12 ವೋಲ್ಟಿಗಿಂತ ಹೆಚ್ಚಿನ ದೀಪ ಇರಕೂಡದು. ಅದರ ಮೇಲೆ 2.25 ಮೀಟರ್ ಎತ್ತರದವರೆಗೆ, ಅಂಚಿನಿಂದ ಮತ್ತೆ 0.6 ಮೀಟರ್ ಆಚೆಯವರೆಗೆ ಸಾಮಾನ್ಯ ಸಾಕೆಟ್ಟಿಗೆ ಜಾಗವಿಲ್ಲ. ಫೇಸು, ನ್ಯೂಟ್ರಲು ಎರಡನ್ನೂ ಒಮ್ಮೆಗೇ ಕಡಿಯುವ ಎರಡು ಧ್ರುವದ ಸ್ವಿಚ್ಚು ಟಬ್ಬಿನಿಂದ ಕಣ್ಣಿಗೆ ಕಾಣುವಂತಿರಬೇಕು, ನೀರಿನಲ್ಲಿ ಕುಳಿತವನ ಕೈಗೆ ಎಟುಕಬಾರದು. ಅಮೆರಿಕದ ನಿಯಮ ಈ ಅಂತರವನ್ನು ಕನಿಷ್ಠ 5 ಅಡಿ ಎನ್ನುತ್ತದೆ. ಮಾಳಿಗೆಯ ಮೇಲೆ ಅಥವಾ ಅಂಗಳದಲ್ಲಿ ಟಬ್ಬು ಇಡುವವರು ಆ ಸ್ವಿಚ್ಚಿನ ಪೆಟ್ಟಿಗೆ ನಮ್ಮ ಮಳೆಯನ್ನು ತಾಳಬಲ್ಲದೇ ಎಂದೂ ಕೇಳಬೇಕು; ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿದು.

ಟಬ್ಬಿನ ಸುತ್ತಲಿನ ಲೋಹದ ಕೊಳವೆ, ಕೈಪಿಡಿ, ಪಂಪಿನ ಮೈ ಎಲ್ಲವನ್ನೂ ಒಂದೇ ಹಸಿರು ತಂತಿಯಿಂದ ಒಟ್ಟಿಗೆ ಬಿಗಿಯಬೇಕು. ಆಗ ದೋಷ ಬಂದರೂ ಎಲ್ಲದರ ವಿಭವ ಬಹುಮಟ್ಟಿಗೆ ಒಂದೇ ಆಗಿ, ಕೈಗೂ ಕಾಲಿಗೂ ನಡುವೆ ಹರಿಯಲು ಪ್ರವಾಹಕ್ಕೆ ಕಾರಣ ಉಳಿಯದು. ಅರ್ತ್ ಇಲ್ಲವೆಂದು ನ್ಯೂಟ್ರಲಿಗೇ ಮೈಯನ್ನು ಕಟ್ಟುವ ಅಭ್ಯಾಸ ಕೆಲವೆಡೆ ಇದೆ. ಅದು ಕೂಡದು, ನ್ಯೂಟ್ರಲ್ ಎಲ್ಲಾದರೂ ಕಡಿದರೆ ಇಡೀ ಟಬ್ಬೇ ಫೇಸಾಗುತ್ತದೆ.

ಅಂದಾಜುಪಟ್ಟಿ ಕೈಗೆ ಬಂದಾಗ 30 ಮಿಲಿಆಂಪಿಯರ್ ಎಂಬ ಅಂಕಿ, ಅರ್ತಿನ ರೋಧವನ್ನು ಅಳೆದು ಬರೆದುಕೊಡುವ ಮಾತು, ಪರವಾನಗಿಯುಳ್ಳ ವಯರ್‌ಮ್ಯಾನನ ಸಹಿ ಇವು ಇವೆಯೇ ನೋಡಿರಿ. ಅಳೆಯುವುದು ಏಪ್ರಿಲಿನಲ್ಲಾದರೆ ಉತ್ತಮ, ಜುಲೈಯ ಅಂಕಿ ಮುಖಸ್ತುತಿ ಮಾಡುತ್ತದೆ. ಆರ್‌ಸಿಸಿಬಿಯ ಮೇಲೆ 'ಟಿ' ಎಂದು ಬರೆದ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ, ಬೀಳುತ್ತದೆಯೇ ನೋಡಿ. ಆ ಗುಂಡಿ ಪರೀಕ್ಷಿಸುವುದು ಸಾಧನವನ್ನು ಮಾತ್ರ. ಅಂಗಳದ ಅರ್ತ್ ಸರಿಯಿದೆಯೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ.